‘ನಮಗೆ ಇದು ಹೇಗೆ ಗೊತ್ತು?’ ಪ್ರಾಥಮಿಕ ಶಾಲೆಯ ಸಮಾಜ ಪಾಠಕ್ಕೆ ಹೊಸ ಶಿಕ್ಷಕರನ್ನು ತಯಾರು ಮಾಡುವ ಬಗೆ

ಡಿ.ಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ಕೋರ್ಸು) ಓದುತ್ತಿರುವವರು ಅಭ್ಯಾಸ ಪಾಠಕ್ಕೆ ನಿಂತಾಗ ಮೊದಲ ಐದು ನಿಮಿಷ ಬಹುಮಟ್ಟಿಗೆ ಹೀಗೆ ಸಾಗುತ್ತದೆ. “ಮಕ್ಕಳೇ, ನೀವೆಲ್ಲ ಯಾವ ಊರಿನವರು?” “ಊರಿಗೆ ನೀರು, ಬೀದಿದೀಪ ಯಾರು ಕೊಡುತ್ತಾರೆ?” “ಅದಕ್ಕೆ ಏನೆಂದು ಕರೆಯುತ್ತಾರೆ?” ಮುಂದಿನ ಸಾಲಿನ ಹುಡುಗಿ “ಗ್ರಾಮ ಪಂಚಾಯಿತಿ, ಟೀಚರ್” ಎನ್ನುತ್ತಾಳೆ. “ಹಾಗಾದರೆ ಇವತ್ತು ನಾವು ಗ್ರಾಮ ಪಂಚಾಯಿತಿಯ ಬಗ್ಗೆ ತಿಳಿಯೋಣ” ಎಂಬ ಮಾತಿನೊಂದಿಗೆ ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರುತ್ತದೆ. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ, ಸದಸ್ಯರು, ಕಾರ್ಯಗಳು ಎಂಟು. ಪಾಠ ಟಿಪ್ಪಣಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಆದರೆ ನಲವತ್ತು ನಿಮಿಷದಲ್ಲಿ ಮಗು ತಲೆ ಕೆರೆದುಕೊಂಡು ಯೋಚಿಸಬೇಕಾದ ಒಂದು ಗಳಿಗೆಯೂ ಬರಲಿಲ್ಲ.

ಪಾಠ ಹೀಗಾಗುವುದು ಸೋಮಾರಿತನದಿಂದಲ್ಲ. ಪಾಠ ಮಾಡುವವರು ಹತ್ತನೇ ತರಗತಿಯವರೆಗೆ ಸಮಾಜ ವಿಜ್ಞಾನ ಕಲಿತದ್ದೇ ಹಾಗೆ: ಇಸವಿ, ಹೆಸರು, ಕಾರಣಗಳು ನಾಲ್ಕು, ಪರಿಣಾಮಗಳು ಐದು. ಪಿಯುಸಿಯಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ತೆಗೆದುಕೊಂಡಿದ್ದರೆ ಅಲ್ಲಿಂದೀಚೆಗೆ ಇತಿಹಾಸದ ಪುಸ್ತಕವನ್ನು ಮುಟ್ಟಿರುವುದಿಲ್ಲ. ತಮಗೆ ಬಡಿಸಿದ್ದನ್ನೇ ಅವರೂ ಬಡಿಸುತ್ತಾರೆ. ಇದಕ್ಕೆ ಇನ್ನಷ್ಟು ನೋಟ್ಸ್ ಕೊಡುವುದು ಪರಿಹಾರವಲ್ಲ. ‘ಇದು ನಮಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಮೊದಲು ತಾನೇ ಕೇಳಿಕೊಂಡು, ಊರಲ್ಲಿ ಅಲೆದು, ಉತ್ತರ ಹುಡುಕಿರಬೇಕು. ಹಾಗೆ ಹುಡುಕದವರು ಮಕ್ಕಳನ್ನು ಹುಡುಕಲು ಹಚ್ಚಲಾರರು.

ವಿಷಯ ಎಲ್ಲಿ ಕೂತಿದೆ, ಸಮಯ ಎಷ್ಟಿದೆ

ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿವರೆಗೆ ‘ಸಮಾಜ’ ಎಂಬ ಬೇರೆ ವಿಷಯವಿಲ್ಲ; ಅದು ವಿಜ್ಞಾನದ ಜೊತೆ ಪರಿಸರ ಅಧ್ಯಯನದಲ್ಲಿ ಬೆರೆತಿದೆ. ಆರನೆಯಿಂದ ಸಮಾಜ ವಿಜ್ಞಾನ ಬೇರೆಯಾಗಿ, ಇತಿಹಾಸ, ಭೂಗೋಳ, ಪೌರನೀತಿ ಎಂದು ಕವಲೊಡೆಯುತ್ತದೆ. ಕೆಳಗಿನ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿ, 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, ಪರಿಸರದ ಕಲಿಕೆಯನ್ನು ಮೈಲಿಗಲ್ಲು ಮತ್ತು ಕಾರ್ಡುಗಳಲ್ಲಿ ಹಂಚಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅನುಸರಿಸಿದ ಪಠ್ಯವಸ್ತು ಮೂರರಿಂದ ಐದರ ಪರಿಸರ ಅಧ್ಯಯನಕ್ಕೆ ಆರು ವಸ್ತುಗಳನ್ನು ಇಟ್ಟುಕೊಂಡಿತು: ಕುಟುಂಬ ಮತ್ತು ಗೆಳೆಯರು, ಆಹಾರ, ನೀರು, ವಸತಿ, ಪ್ರಯಾಣ, ನಾವು ಮಾಡುವ ವಸ್ತುಗಳು ಮತ್ತು ಕೆಲಸಗಳು. ಈ ಆರರಲ್ಲಿ ಯಾವುದನ್ನು ಹಿಡಿದರೂ ಒಂದು ಕೈ ವಿಜ್ಞಾನಕ್ಕೆ, ಇನ್ನೊಂದು ಕೈ ಸಮಾಜಕ್ಕೆ ತಾಗುತ್ತದೆ. ನೀರಿನ ಪಾಠದಲ್ಲಿ ಆವಿಯಾಗುವುದನ್ನು ಕಲಿಸಿ, ‘ನೀರು ಹೊರುವವರು ಯಾರು’ ಎನ್ನುವುದನ್ನು ಕೈಬಿಟ್ಟರೆ ಅರ್ಧ ಪಾಠವೇ ಬಿಟ್ಟುಹೋದಂತೆ. ಬಿಟ್ಟುಹೋಗುವುದು ಯಾವಾಗಲೂ ಆ ಎರಡನೆಯ ಅರ್ಧವೇ.

ಡಿ.ಎಲ್.ಇಡಿ. ಎರಡು ವರ್ಷದ ಕೋರ್ಸು. ಎನ್‌ಸಿಟಿಇಯ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2014ರ ನಿಯಮಗಳ ಪ್ರಕಾರ ಶಾಲೆಯಲ್ಲಿ ಕಳೆಯಬೇಕಾದ ಅವಧಿ ಒಟ್ಟು 20 ವಾರ. ಅದರಲ್ಲಿ 4 ವಾರ ಮುಖ್ಯವಾಗಿ ವೀಕ್ಷಣೆಗೆ, ಎರಡನೇ ವರ್ಷದ 16 ವಾರ ಇಂಟರ್ನ್‌ಶಿಪ್‌ಗೆ. ಕನ್ನಡ, ಗಣಿತ, ಇಂಗ್ಲಿಷ್ ಎಲ್ಲವೂ ಇದರಲ್ಲೇ ಪಾಲು ಕೇಳುತ್ತವೆ. ಹಾಗಾಗಿ ಮೊದಲ ವರ್ಷದ 4 ವಾರದಲ್ಲಿ ಪ್ರಶಿಕ್ಷಣಾರ್ಥಿ ಹಿಂದಿನ ಬೆಂಚಿನಲ್ಲಿ ಕೂತು ವೀಕ್ಷಣಾ ನಮೂನೆ ತುಂಬುವುದರಲ್ಲೇ ದಿನ ಕಳೆದರೆ ದೊಡ್ಡ ನಷ್ಟ. ಆ ದಿನಗಳ ಮಧ್ಯಾಹ್ನಗಳನ್ನು ಊರು ಅರಿಯುವ ಕೆಲಸಕ್ಕೆ ಮೀಸಲಿಡಬೇಕು.

ಆ ಕೆಲಸದ ಅಳತೆ ಚಿಕ್ಕದಾಗಿರಲಿ: ಶಾಲೆಯ ಸುತ್ತ ಒಂದು ಕಿಲೋಮೀಟರ್. ಮೂವರು ಅಥವಾ ನಾಲ್ವರ ಗುಂಪು. ಅವರು ತರಬೇಕಾದ್ದು ಇಷ್ಟು: ಹೆಜ್ಜೆ ಎಣಿಸಿ ಬರೆದ ಒಂದು ನಕ್ಷೆ, ಬೇರೆ ಬೇರೆ ಓಣಿಯ ಇಬ್ಬರು ಹಿರಿಯರ ಮಾತು, ಅವರಲ್ಲಿ ಒಬ್ಬರಾದರೂ ಹೆಂಗಸು, ಹಳೆಯ ಒಂದು ಕುರುಹು, ಅಂದರೆ ವೀರಗಲ್ಲೋ ಕೆರೆಯ ತೂಬೋ ಶಾಲೆಯ ಹಳೇ ದಾಖಲಾತಿ ಪುಸ್ತಕವೋ ಯಾವುದಾದರೂ ಸರಿ, ಪಂಚಾಯಿತಿಯ ಸೂಚನಾ ಫಲಕದಲ್ಲಿ ಅಂಟಿಸಿದ ಒಂದು ಕಾಗದದಲ್ಲಿ ಏನಿದೆ ಎಂಬ ಟಿಪ್ಪಣಿ. ಕೊನೆಗೆ ಒಂದು ಪುಟ: ಪಠ್ಯಪುಸ್ತಕ ಹೇಳುವುದಕ್ಕೂ ನಾವು ಕಂಡದ್ದಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ. ಈ ಕೊನೆಯ ಪುಟವೇ ಮುಖ್ಯ. ಅದನ್ನು ಬರೆಯಲು ಬಾರದ ಗುಂಪು ಬರಿಯ ಫೋಟೊ ಆಲ್ಬಮ್ ತಂದುಕೊಡುತ್ತದೆ.

ಕಾಲ: ಹಗ್ಗ ಹಿಡಿದು ಅಳೆಯುವುದು

ಒಂಬತ್ತು ವರ್ಷದ ಮಗುವಿಗೆ ‘ಹಿಂದಿನ ಕಾಲ’ ಒಂದೇ ದೊಡ್ಡ ಕೋಣೆ. ಅಶೋಕ, ಕೃಷ್ಣದೇವರಾಯ, ಟಿಪ್ಪು, ಮುತ್ತಜ್ಜ ಎಲ್ಲರೂ ಅದರೊಳಗೇ ಇದ್ದಾರೆ. ಗೋಡೆಗೆ ತೂಗುಹಾಕಿದ ಚಾರ್ಟು ಇದನ್ನು ಸರಿಮಾಡುವುದಿಲ್ಲ, ಏಕೆಂದರೆ ಚಾರ್ಟಿನಲ್ಲಿ ಎಲ್ಲ ಚೌಕಗಳ ನಡುವೆ ಅಂತರ ಒಂದೇ. ನೂರು ವರ್ಷಕ್ಕೂ ಸಾವಿರ ವರ್ಷಕ್ಕೂ ಎರಡು ಬೆರಳಿನ ಜಾಗ!

ಹಗ್ಗವೇ ವಾಸಿ. ಮೂರು, ನಾಲ್ಕನೇ ತರಗತಿಗೆ ಒಂದು ವರ್ಷಕ್ಕೆ 10 ಸೆಂಟಿಮೀಟರ್. ಒಂಬತ್ತು ವರ್ಷದ ಮಗುವಿನ ಬದುಕು 90 ಸೆಂ.ಮೀ.; 65 ವರ್ಷದ ಅಜ್ಜಿಯದು ಆರೂವರೆ ಮೀಟರ್, ಶಾಲೆಯ ಜಗಲಿಯುದ್ದಕ್ಕೂ ಬರುತ್ತದೆ. ತಮ್ಮ ಹುಟ್ಟು, ತಂಗಿಯ ಹುಟ್ಟು, ಮನೆಗೆ ಕರೆಂಟು ಬಂದದ್ದು, ಅಜ್ಜಿಯ ಮದುವೆ ಇವನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಚೀಟಿ ಸಿಕ್ಕಿಸಿ ಗುರುತು ಹಾಕುವುದು.

ಐದನೇ ತರಗತಿಗೆ ಅಳತೆ ಬದಲಿಸಬೇಕು: ವರ್ಷಕ್ಕೆ 1 ಸೆಂ.ಮೀ. ಈಗ ಅದೇ ಅಜ್ಜಿ 65 ಸೆಂ.ಮೀ.ನಷ್ಟು ಚಿಕ್ಕವರಾಗುತ್ತಾರೆ. ಈ ಕುಗ್ಗುವಿಕೆಯನ್ನು ಹಳೆಯ ಹಗ್ಗ ಪಕ್ಕದಲ್ಲಿಟ್ಟು ತೋರಿಸದೆ ಮುಂದೆ ಹೋದರೆ ಮಕ್ಕಳಿಗೆ ಗೊಂದಲ. ಮೈಸೂರು ರಾಜ್ಯ ‘ಕರ್ನಾಟಕ’ವಾದ 1973 ಸುಮಾರು ಅರ್ಧ ಮೀಟರ್ ದೂರದಲ್ಲಿ, ಏಕೀಕರಣದ 1956 ಸುಮಾರು 70 ಸೆಂ.ಮೀ. ದೂರದಲ್ಲಿ ಬರುತ್ತವೆ. ವಿಜಯನಗರದ 1336 ಸುಮಾರು 7 ಮೀಟರ್, ಕ್ರಿ.ಶ. 450ರ ಆಸುಪಾಸಿನ ಹಲ್ಮಿಡಿ ಶಾಸನ 15 ಮೀಟರ್ ದಾಟಿ. ಮಸ್ಕಿಯಲ್ಲಿ ಶಾಸನ ಬರೆಸಿದ ಅಶೋಕ 22 ಮೀಟರ್ ಆಚೆ. ಅಷ್ಟೊತ್ತಿಗೆ ಹಗ್ಗ ಶಾಲೆಯ ಅಂಗಳ ದಾಟಿರುತ್ತದೆ. ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರದಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಸುಮಾರು 12 ಲಕ್ಷ ವರ್ಷ ಹಳೆಯವೆಂಬ ಅಂದಾಜಿದೆ. ಅವನ್ನು ಗುರುತಿಸಬೇಕಾದರೆ ಹಗ್ಗ 12 ಕಿಲೋಮೀಟರ್ ಬೇಕು. ಅಷ್ಟು ದೂರದ ಊರು ಯಾವುದು ಎಂದು ಕೇಳಿದರೆ ಮಕ್ಕಳೇ ಹೇಳುತ್ತಾರೆ.

ಇಲ್ಲಿ ಎಡವುವ ಜಾಗ ಕ್ರಿಸ್ತಪೂರ್ವ. ಕ್ರಿ.ಪೂ. 250ರಿಂದ ಕ್ರಿ.ಶ. 200ರವರೆಗೆ ಎಷ್ಟು ವರ್ಷ ಎಂದರೆ ಮಕ್ಕಳು ಕಳೆದು 50 ಎನ್ನುತ್ತಾರೆ. ಎಷ್ಟೋ ಪ್ರಶಿಕ್ಷಣಾರ್ಥಿಗಳೂ ಹಾಗೆಯೇ ಹೇಳುತ್ತಾರೆ. ಹಗ್ಗದಲ್ಲಿ ಕ್ರಿಸ್ತಶಕ ಶುರುವಾಗುವ ಜಾಗಕ್ಕೆ ಕೆಂಪು ದಾರ ಕಟ್ಟಿ, ಒಬ್ಬ ಈ ಕಡೆ ಎರಡು ಮೀಟರ್, ಇನ್ನೊಬ್ಬ ಆ ಕಡೆ ಎರಡೂವರೆ ಮೀಟರ್ ನಡೆಯಲಿ. ಕಳೆಯುವುದೋ ಕೂಡುವುದೋ ಎನ್ನುವುದು ಕಾಲಿಗೇ ತಿಳಿಯುತ್ತದೆ.

ಹಿರಿಯರ ಮಾತು ಸಂಗ್ರಹಿಸುವಾಗ “ಆಗ ಹೇಗಿತ್ತು ಅಜ್ಜಿ?” ಎಂದು ಕೇಳಿದರೆ “ಚೆನ್ನಾಗಿತ್ತು ಕಂದ” ಎಂಬ ಉತ್ತರ ಬಂದು ಮಾತು ನಿಲ್ಲುತ್ತದೆ. ಪ್ರಶ್ನೆ ವಸ್ತುವನ್ನು ಹಿಡಿಯಬೇಕು: ನೀವು ನನ್ನಷ್ಟಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ, ದಿನಕ್ಕೆ ಎಷ್ಟು ಕೊಡ, ಹೊರುತ್ತಿದ್ದವರು ಯಾರು? ವಯಸ್ಸು ನೆನಪಿಲ್ಲದವರಿಗೆ ಆಸರೆ ಕೊಡಲು 1972ರ ಬರ, ತುರ್ತು ಪರಿಸ್ಥಿತಿ, ಇಂದಿರಾ ಗಾಂಧಿ ತೀರಿಕೊಂಡ ವರ್ಷ, ಊರಿಗೆ ಮೊದಲ ಬಸ್ಸು ಬಂದದ್ದು, ಇಂಥ ನಾಲ್ಕೈದು ಗುರುತುಗಳ ಪಟ್ಟಿ ಪ್ರಶಿಕ್ಷಣಾರ್ಥಿಯ ಕೈಯಲ್ಲಿರಲಿ. ಇಬ್ಬರು ಹಿರಿಯರು ಒಂದೇ ಬಾವಿಯ ಬಗ್ಗೆ ಬೇರೆ ಬೇರೆ ಹೇಳಿದರೆ ಅದನ್ನು ತಪ್ಪೆಂದು ಹೊಡೆದು ಹಾಕಬಾರದು. ಪಾಠ ಅಲ್ಲಿಂದಲೇ ಶುರು.

ಕಲ್ಲು ಓದಿಸುವುದು

ಇತಿಹಾಸಕ್ಕೆ ಆಧಾರ ಬೇಕು ಎಂದು ಹೇಳಿಕೊಡಲು ಕರ್ನಾಟಕದಲ್ಲಿ ವೀರಗಲ್ಲಿನಷ್ಟು ಒದಗಿಬರುವ ವಸ್ತು ಇನ್ನೊಂದಿಲ್ಲ. ಅದು ಎಷ್ಟೋ ಊರುಗಳಲ್ಲಿ ಗುಡಿಯ ಹಿಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದೆ. ಓದಲು ಅಕ್ಷರ ಬೇಕಿಲ್ಲ, ಕಣ್ಣು ಸಾಕು.

ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ, ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ, ಹಲವೆಡೆ ಲಿಂಗಪೂಜೆ. ಇದನ್ನು ಪ್ರಶಿಕ್ಷಣಾರ್ಥಿ ಮೊದಲೇ ಹೇಳಿಬಿಡುವುದೇ ದೊಡ್ಡ ತಪ್ಪು. ಮಕ್ಕಳು ಹತ್ತು ನಿಮಿಷ ಕಲ್ಲನ್ನು ನೋಡಿ ಚಿತ್ರ ಬರೆಯಲಿ, ಒಬ್ಬೊಬ್ಬರಿಗೆ ಒಂದೊಂದು ಪಟ್ಟಿಕೆ. ಆಮೇಲೆ ಪುಟಕ್ಕೆ ಎರಡು ಗೆರೆ ಎಳೆದು ಮೂರು ಕಲಮು: ಕಂಡದ್ದು, ಊಹಿಸಿದ್ದು, ಇನ್ನೂ ಗೊತ್ತಾಗಬೇಕಾದ್ದು. ‘ಕೈಯಲ್ಲಿ ಬಿಲ್ಲು ಇದೆ’ ಮೊದಲ ಕಲಮಿಗೆ. ‘ಯುದ್ಧದಲ್ಲಿ ಸತ್ತ’ ಎರಡನೆಯದಕ್ಕೆ. ‘ಪಕ್ಕದಲ್ಲಿ ಹಸು ಯಾಕಿದೆ?’ ಮೂರನೆಯದಕ್ಕೆ. ಮೊದಮೊದಲು ಮಕ್ಕಳು ಊಹೆಯನ್ನೆಲ್ಲ ಕಂಡದ್ದರಲ್ಲೇ ಬರೆಯುತ್ತಾರೆ; ಕತ್ತಿ ಹಿಡಿದವನೆಲ್ಲ ಅವರಿಗೆ ‘ರಾಜ’. “ರಾಜ ಎನ್ನುವುದು ಕಲ್ಲಿನಲ್ಲಿ ಎಲ್ಲಿ ಕಾಣುತ್ತಿದೆ, ಬೆರಳಿಟ್ಟು ತೋರಿಸು” ಎಂಬ ಒಂದೇ ಮಾತು ಸಾಕು, ತಿದ್ದಿಕೊಳ್ಳುತ್ತಾರೆ. ವೀರಗಲ್ಲುಗಳಲ್ಲಿ ಬಹುಪಾಲು ರಾಜರವಲ್ಲ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವರು, ಹೆಂಗಸರ ಮಾನ ಕಾಯಲು ಹೋಗಿ ಸತ್ತವರು, ಹುಲಿ ಹಂದಿಗಳ ಜೊತೆ ಕಾದಾಡಿ ಸತ್ತವರು, ಹೀಗೆ ಊರಿನ ಜನ.

ಊರಿನಲ್ಲಿ ಕಲ್ಲಿಲ್ಲದಿದ್ದರೆ ಆತಕೂರಿನ ಶಾಸನದ ಫೋಟೊ ಇಟ್ಟುಕೊಳ್ಳಬಹುದು. ಮಂಡ್ಯ ಜಿಲ್ಲೆಯ ಆತಕೂರಿನ ಈ ಕಲ್ಲು ಕ್ರಿ.ಶ. 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ಮೇಲಿನ ಯುದ್ಧದಲ್ಲಿ ಮೆರೆದ ಮಣಲೆರ, ಗಂಗರ ದೊರೆ ಬೂತುಗನಿಂದ ಬಹುಮಾನವಾಗಿ ಕೇಳಿಕೊಂಡದ್ದು ‘ಕಾಳಿ’ ಎಂಬ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು, ಕಾಳಿಗಾಗಿ ಕಲ್ಲು ನಿಲ್ಲಿಸಿದರು. ಐದನೇ ತರಗತಿಯ ಮಕ್ಕಳು ಇದನ್ನು ಬಿಟ್ಟು ಏಳುವುದಿಲ್ಲ. ಅದೇ ಹುರುಪಿನಲ್ಲಿ ಮುಂದಿನ ಪ್ರಶ್ನೆ ಇಡಬೇಕು: ಕಲ್ಲು ಹಾಕಿಸಲು ದುಡ್ಡು ಯಾರ ಹತ್ತಿರ ಇತ್ತು? ಆ ವರ್ಷ ಸತ್ತ ಕೂಲಿಯವರಿಗೆ, ಹೆರಿಗೆಯಲ್ಲಿ ತೀರಿಕೊಂಡ ಹೆಂಗಸಿಗೆ ಕಲ್ಲು ಇದೆಯೇ? ಆಧಾರ ಇಲ್ಲದವರ ಇತಿಹಾಸವನ್ನು ತಿಳಿಯುವುದು ಹೇಗೆ ಎಂಬ ಮಾತು ಅಲ್ಲಿಂದ ತಾನಾಗಿ ಬರುತ್ತದೆ.

ಸ್ಥಳಕ್ಕೆ ಹೋಗುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಪ್ರಶಿಕ್ಷಣಾರ್ಥಿ ಹಿಂದಿನ ದಿನವೇ ಒಬ್ಬರಾಗಿ ಹೋಗಿ ಬರಬೇಕು. ಆ ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಮನೆಯವರ ಒಪ್ಪಿಗೆ ಬೇಕು, ಚಪ್ಪಲಿ ದೂರ ಬಿಡಬೇಕು. ಅಕ್ಷರ ಕಾಣಲೆಂದು ಸುಣ್ಣದ ಕಡ್ಡಿ, ಎಣ್ಣೆ, ಹಿಟ್ಟು ಏನನ್ನೂ ಬಳಿಯಬಾರದು, ಉಜ್ಜಬಾರದು, ಕಲ್ಲು ಹಾಳಾಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಕೆತ್ತನೆ ಎದ್ದು ಕಾಣುತ್ತದೆ. ನೆರಳಿನಲ್ಲಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸಾಕು. ಊರಿನವರು ಆ ಕಲ್ಲಿಗೆ ಬೇರೆಯೇ ಕಥೆ ಹೇಳಿದರೆ ಅದನ್ನೂ ಬರೆದುಕೊಳ್ಳಬೇಕು. ‘ಊರವರು ಹೀಗೆ ಹೇಳುತ್ತಾರೆ, ಕಲ್ಲಿನಲ್ಲಿ ಹೀಗೆ ಕಾಣುತ್ತದೆ’ ಎಂದು ಎರಡನ್ನೂ ಪಕ್ಕಪಕ್ಕ ಇಡಬಹುದು. ಅಜ್ಜನ ಕಥೆಯನ್ನು ತರಗತಿಯಲ್ಲಿ ನಗೆಪಾಟಲು ಮಾಡಿದರೆ ಮರುದಿನದಿಂದ ಮನೆಯ ಮಾತು ಶಾಲೆಗೆ ಬರುವುದಿಲ್ಲ.

ನಕ್ಷೆ: ಮೊದಲು ನೆಲದ ಮೇಲೆ

ನಕ್ಷೆಯ ಪಾಠವನ್ನು ಕರ್ನಾಟಕದ ಭೂಪಟ ತೂಗುಹಾಕಿ ಶುರುಮಾಡುವುದು ಎಲ್ಲರ ಅಭ್ಯಾಸ. ಅದು ಕೊನೆಯ ಹೆಜ್ಜೆಯಾಗಬೇಕಿತ್ತು. ಮಗುವಿಗೆ ಮೊದಲ ತೊಡಕು ಮೇಲಿನಿಂದ ನೋಡುವುದು. ಊರಿನ ನಕ್ಷೆ ಬರಿ ಎಂದರೆ ರಸ್ತೆಯನ್ನು ಮೇಲಿನಿಂದ, ಮನೆಯನ್ನು ಎದುರಿನಿಂದ, ಮರವನ್ನು ಪಕ್ಕದಿಂದ ಬರೆಯುತ್ತದೆ. ಬೈದು ತಿದ್ದುವ ವಿಷಯವಲ್ಲ ಇದು. ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ತರಗತಿಯ ಬೆಂಚುಗಳಿಗೆ ಬೆಂಕಿಪೊಟ್ಟಣ, ಮೇಜಿಗೆ ಡಸ್ಟರ್ ಇಟ್ಟು, ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ವಸ್ತುಗಳನ್ನು ಎತ್ತಿಬಿಡಿ. ಉಳಿದ ಗೆರೆಗಳೇ ನಕ್ಷೆ. ಮೇಲಿನ ನೋಟ ಎಂದರೇನೆಂದು ಹತ್ತು ಸಲ ವಿವರಿಸಿದರೂ ಆಗದ್ದು ಆ ಎತ್ತುವ ಕ್ಷಣದಲ್ಲಿ ಆಗುತ್ತದೆ.

ಆಮೇಲೆ ಅಳತೆ. ಚೌಕಳಿ ಪುಸ್ತಕದಲ್ಲಿ ಒಂದು ಹೆಜ್ಜೆಗೆ ಒಂದು ಚೌಕ. ನಾಲ್ವರು ನಾಲ್ಕು ಗೋಡೆ ನಡೆದು ಎಣಿಸಿದರೆ ಎದುರುಬದುರು ಗೋಡೆಗಳ ಅಳತೆ ಕೂಡುವುದಿಲ್ಲ, ಕೋಣೆಯ ಮೂಲೆ ಮುಚ್ಚುವುದಿಲ್ಲ. ಪ್ರಶಿಕ್ಷಣಾರ್ಥಿ ಗಾಬರಿಬಿದ್ದು ಸರಿಯಾದ ಅಂಕಿ ಹೇಳಿಬಿಡಬಾರದು. ಯಾಕೆ ಕೂಡಲಿಲ್ಲ ಎಂದು ಕೇಳಿದರೆ “ಅವನ ಕಾಲು ಉದ್ದ” ಎಂದು ಮಕ್ಕಳೇ ಹೇಳುತ್ತಾರೆ. ಆಗ ಮೀಟರಿಗೊಂದು ಗಂಟು ಹಾಕಿದ ಹಗ್ಗ ಹೊರಗೆ ತೆಗೆಯಬೇಕು. ತರಗತಿ, ಶಾಲೆಯ ಅಂಗಳ, ಓಣಿ, ಊರು, ತಾಲ್ಲೂಕು ಹೀಗೆ ದೊಡ್ಡದಾಗುತ್ತ ಹೋಗಲಿ. ಪ್ರತಿ ನಕ್ಷೆಯನ್ನೂ ಮೊದಲು ನೆಲದ ಮೇಲೆ, ದಿಕ್ಕು ಹೊಂದಿಸಿ ಇಟ್ಟು ಓದಬೇಕು. ಗೋಡೆಗೆ ಏರಿಸುವುದು ಆಮೇಲೆ. ಅವಸರದಲ್ಲಿ ಗೋಡೆಗೆ ಏರಿಸಿದ್ದರಿಂದಲೇ ಎಷ್ಟೋ ಮಕ್ಕಳಿಗೆ ಉತ್ತರ ಎಂದರೆ ‘ಮೇಲೆ’, ದಕ್ಷಿಣ ಎಂದರೆ ‘ಕೆಳಗೆ’.

ದಿಕ್ಕಿನ ವಿಷಯದಲ್ಲಿ ಪ್ರಶಿಕ್ಷಣಾರ್ಥಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದ ಎರಡು ತಪ್ಪುಗಳಿವೆ. ಒಂದು, ‘ಸೂರ್ಯ ಹುಟ್ಟುವ ಜಾಗವೇ ಪೂರ್ವ’. ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ. ಜೂನ್ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಅದು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತದೆ. ಎರಡು, ‘ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ’. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ದಕ್ಷಿಣದಲ್ಲಿದೆ. ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಬೀದರ್ ಕಡೆ ಮೇ ಎರಡನೇ ವಾರ ಮತ್ತು ಆಗಸ್ಟ್ ಆರಂಭ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅಂದರೆ ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ, ರಾಜ್ಯದ ಯಾವ ಮೂಲೆಯಲ್ಲಿ ಕಡ್ಡಿ ನೆಟ್ಟರೂ ಪುಸ್ತಕದ ಮಾತಿಗೆ ತಿರುಗುಮುರುಗು. ಜೊತೆಗೆ ಬೆಂಗಳೂರಿನಲ್ಲಿ ಸೂರ್ಯನ ಮಧ್ಯಾಹ್ನ ಆಗುವುದು ಗಡಿಯಾರದ 12ಕ್ಕಲ್ಲ, 12:20ರ ಆಸುಪಾಸಿನಲ್ಲಿ. ವರ್ಷದ ಬಹುಪಾಲು ದಿನ ಕೆಲಸ ಮಾಡುವ ವಿಧಾನ ಒಂದಿದೆ: ಒಂದು ಮೀಟರ್ ಕೋಲು ನೆಟ್ಟು, 11:30ರಿಂದ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಕಲ್ಲಿಡುವುದು; ಅತಿ ಗಿಡ್ಡ ನೆರಳು ಬಿದ್ದ ಗೆರೆ ಉತ್ತರ–ದಕ್ಷಿಣದ ಗೆರೆ. ಅದರಲ್ಲಿ ಯಾವ ತುದಿ ಉತ್ತರ ಎನ್ನುವುದನ್ನು ಬೆಳಿಗ್ಗೆ ಸೂರ್ಯ ಹುಟ್ಟಿದ ಕಡೆ ನೋಡಿ ತೀರ್ಮಾನಿಸಬೇಕು. ಆಗಸ್ಟ್, ಏಪ್ರಿಲ್ ತಿಂಗಳಲ್ಲಿ ನೆರಳು ತೀರಾ ಗಿಡ್ಡವಾಗುವುದರಿಂದ ಗೆರೆ ಸರಿಯಾಗಿ ಸಿಗದು. ಆ ದಿನಗಳಲ್ಲಿ ದಿಕ್ಸೂಚಿಯೇ ಲೇಸು.

ಪಂಚಾಯಿತಿ

ಇಲ್ಲಿ ಪಾಠ ಮಾಡುವವರಲ್ಲೇ ಎರಡು ಗೊಂದಲ ಇರುತ್ತವೆ. ಗ್ರಾಮಸಭೆ ಎಂದರೆ ಊರಿನ ಮತದಾರರೆಲ್ಲ ಸೇರುವುದು. ಪಂಚಾಯಿತಿಯ ಸಭೆ ಎಂದರೆ ಗೆದ್ದ ಸದಸ್ಯರು ಮಾತ್ರ. ಅಧ್ಯಕ್ಷರು ಆಯ್ಕೆಯಾಗಿ ಬಂದವರು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸರ್ಕಾರ ನೇಮಿಸಿದವರು. ಇವೆರಡನ್ನು ಬಿಡಿಸಿಕೊಂಡರೆ ಉಳಿದದ್ದು ಸಲೀಸು. 1993ರ ರಾಜ್ಯ ಕಾಯ್ದೆಯಂತೆ ಸುಮಾರು 400 ಜನಕ್ಕೆ ಒಬ್ಬ ಸದಸ್ಯ, ಅವಧಿ ಐದು ವರ್ಷ, ಅರ್ಧದಷ್ಟು ಸ್ಥಾನ ಹೆಂಗಸರಿಗೆ, ಪಕ್ಷದ ಚಿಹ್ನೆ ಇಲ್ಲದ ಚುನಾವಣೆ. ಪಟ್ಟಣದ ಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವವರು ಇದನ್ನೇ ಗಿಣಿಪಾಠ ಮಾಡದೆ ಪುರಸಭೆಯನ್ನೋ ನಗರಸಭೆಯನ್ನೋ ಹಿಡಿಯಬೇಕು. ಬೆಂಗಳೂರಿನಲ್ಲಂತೂ 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾಗಿವೆ. ಹಿಂದಿನ ತಂಡದವರ ನೋಟ್ಸ್ ನಕಲು ಮಾಡಿದರೆ ತಪ್ಪು ಕಲಿಸಿದಂತೆ.

ಅಣಕು ಗ್ರಾಮಸಭೆ ಮಾಡಿಸುವುದು ಜನಪ್ರಿಯ. ಬಹುತೇಕ ಸಲ ಅದು ಬಾಯಿಪಾಠದ ನಾಟಕವಾಗುತ್ತದೆ, ಏಕೆಂದರೆ ಮಾತುಗಳನ್ನು ಪ್ರಶಿಕ್ಷಣಾರ್ಥಿಯೇ ಬರೆದುಕೊಟ್ಟಿರುತ್ತಾರೆ. ಮಾತು ಬರೆದುಕೊಡಬೇಡಿ, ಇಕ್ಕಟ್ಟು ಕೊಡಿ. ಕೈಯಲ್ಲಿರುವ ಹಣ 1,00,000 ರೂಪಾಯಿ ಎಂದು ಇಟ್ಟುಕೊಳ್ಳಿ. ಬೇಡಿಕೆ ನಾಲ್ಕು: ಶಾಲೆಯ ಶೌಚಾಲಯ ದುರಸ್ತಿಗೆ 60,000, ಬೀದಿದೀಪಕ್ಕೆ 30,000, ಚರಂಡಿಗೆ 80,000, ಅಂಗನವಾಡಿಯ ಕಾಂಪೌಂಡಿಗೆ 50,000. ಒಟ್ಟು 2,20,000. ಎಲ್ಲವೂ ಆಗುವುದಿಲ್ಲ. ಅಧ್ಯಕ್ಷೆ, ಪಿಡಿಒ, ನೀರುಗಂಟಿ, ಅಂಗನವಾಡಿ ಕಾರ್ಯಕರ್ತೆ, ಚರಂಡಿ ಪಕ್ಕದ ಮನೆಯವರು, ರಾತ್ರಿ ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ಕೆಲಸಗಾರ್ತಿ, ಇವರಿಗೆ ಎರಡೆರಡು ಸಾಲಿನ ಚೀಟಿ ಸಾಕು. ಮೂರು ಮಕ್ಕಳು ಆಟದಲ್ಲಿ ಸೇರದೆ, ಯಾರು ಎಷ್ಟು ಸಲ ಮಾತಾಡಿದರು ಎಂದು ಗೆರೆ ಹಾಕಿ ಎಣಿಸಲಿ. ಇಪ್ಪತ್ತು ನಿಮಿಷ ಸಭೆ, ಹತ್ತು ನಿಮಿಷ ಎಣಿಕೆಯ ಮೇಲೆ ಚರ್ಚೆ: ಹುಡುಗಿಯರು ಎಷ್ಟು ಸಲ ಮಾತಾಡಿದರು, ಯಾರ ಮಾತು ಅರ್ಧಕ್ಕೆ ನಿಂತಿತು? ಆ ಹತ್ತು ನಿಮಿಷ ಉಳಿಸಿಕೊಳ್ಳದಿದ್ದರೆ ಗಲಾಟೆಯಷ್ಟೇ ಮಿಗುತ್ತದೆ. ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುವ ವ್ಯವಸ್ಥೆಯೇ ಇದೆ. ಈ ಆಟ ಆಡಿದ ತರಗತಿ ಅಲ್ಲಿಗೆ ಹೋದರೆ ಬರಿಗೈಯಲ್ಲಿ ಹೋಗುವುದಿಲ್ಲ.

ನೋಯುವ ಜಾಗಗಳು

ಪರಿಸರ ಅಧ್ಯಯನದ ಚಟುವಟಿಕೆಗಳು ನೋಡಲು ಮುಗ್ಧವಾಗಿರುತ್ತವೆ. ‘ನಿನ್ನ ವಂಶವೃಕ್ಷ ಬರಿ’ ಎಂದಾಗ ಅಪ್ಪ ಬಿಟ್ಟುಹೋದ ಮಗು, ದೇವದಾಸಿ ಅಮ್ಮನ ಮಗು, ಹಾಸ್ಟೆಲಿನಲ್ಲಿರುವ ಅನಾಥ ಮಗು ಏನು ಬರೆಯಬೇಕು? ‘ನಿನ್ನೆ ರಾತ್ರಿ ಏನು ಊಟ ಮಾಡಿದೆ’ ಎಂಬ ಸಮೀಕ್ಷೆಯಲ್ಲಿ ಹಸಿವು ಹೊರಬೀಳುತ್ತದೆ, ಇಲ್ಲವೇ ಮಾಂಸ ತಿನ್ನುವ ಮಗು ಅಕ್ಕಪಕ್ಕದವರ ಮುಖ ನೋಡಿ ‘ಅನ್ನ ಸಾರು’ ಎಂದು ಸುಳ್ಳು ಬರೆಯುತ್ತದೆ. ‘ಅಪ್ಪನ ಕಸುಬು’ ಎಂದರೆ ಹಳ್ಳಿಯಲ್ಲಿ ಜಾತಿ ಕೇಳಿದಂತೆಯೇ.

ಪಾಠ ಕೈಬಿಡಬೇಕಿಲ್ಲ, ಪ್ರಶ್ನೆ ತಿದ್ದಿದರೆ ಸಾಕು. ವಂಶವೃಕ್ಷದ ಬದಲು ‘ನನ್ನನ್ನು ನೋಡಿಕೊಳ್ಳುವವರು’ ಎಂಬ ಚಿತ್ರ. ಮನೆಯೂಟದ ಬದಲು ಎಲ್ಲರೂ ಕೂಡಿ ಉಣ್ಣುವ ಬಿಸಿಯೂಟದ ಸಮೀಕ್ಷೆ: ಅಕ್ಕಿ, ಬೇಳೆ, ತರಕಾರಿ ಎಲ್ಲಿಂದ ಬಂದವು, ಬೇಯಿಸಿದವರು ಯಾರು, ಎಷ್ಟು ಗಂಟೆಗೆ ಬಂದರು? ಕಸುಬಿನ ಬದಲು ‘ನಮ್ಮ ಶಾಲೆ ನಡೆಯಲು ಯಾರ್ಯಾರ ಕೆಲಸ ಬೇಕು?’ ಎಂದು ಕೇಳಬಹುದು.

ಆದರೂ ಜಾತಿಯ ಮಾತು ಬಂದೇ ಬರುತ್ತದೆ. ಹಿರಿಯರ ಬಾವಿಯ ಕಥೆಯಲ್ಲಿ “ನಮ್ಮವರಿಗೆ ಆ ಬಾವಿ ಮುಟ್ಟಲು ಬಿಡುತ್ತಿರಲಿಲ್ಲ” ಎಂಬುದು ಕೇಳಿಬಂದಾಗ ಪ್ರಶಿಕ್ಷಣಾರ್ಥಿ ಮಾತು ತೇಲಿಸಿ ಮುಂದೆ ಹೋದರೆ, ಅದು ಹೇಳಬಾರದ ಸಂಗತಿ ಎಂದು ಆ ಮಗು ತಿಳಿಯುತ್ತದೆ. ಈ ಕ್ಷಣಕ್ಕೆ ತಯಾರಿ ಜಿಲ್ಲೆಯ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲೇ ಆಗಬೇಕು. ನಾಲ್ಕೈದು ಇಂಥ ಮಾತುಗಳನ್ನು ಚೀಟಿಯಲ್ಲಿ ಬರೆದು, ಒಬ್ಬರು ಮಗುವಾಗಿ ಹೇಳಿ, ಇನ್ನೊಬ್ಬರು ಶಿಕ್ಷಕಿಯಾಗಿ ಉತ್ತರಿಸುವ ಅಭ್ಯಾಸ ನಡೆಸಬೇಕು. ಉತ್ತರದಲ್ಲಿ ಮೂರು ಅಂಶ ಇರಲಿ: ಮಗು ಹೇಳಿದ್ದು ನಿಜವಾಗಿ ನಡೆಯುತ್ತಿತ್ತು ಎಂಬ ಒಪ್ಪಿಗೆ, ಅದು ತಪ್ಪು ಎಂಬ ನೇರ ಮಾತು, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ ಎಂಬ ಮಾಹಿತಿ. ಇದರ ಜೊತೆ ಒಂದು ಎಚ್ಚರ: ಹೇಳಿದ ಮಗುವನ್ನು ತನ್ನ ಸಮುದಾಯದ ಸಾಕ್ಷಿಯಾಗಿ ಎದ್ದು ನಿಲ್ಲಿಸಿ ಇನ್ನಷ್ಟು ಕೇಳಬಾರದು.

ನಲವತ್ತು ನಿಮಿಷ

5ಇ ಮಾದರಿಯ ಐದು ಹಂತಗಳನ್ನೂ (ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ) ಒಂದೇ ಅವಧಿಯಲ್ಲಿ ತುರುಕುವುದು ಪಾಠ ಟಿಪ್ಪಣಿಯ ಕಾಯಿಲೆ. ಐದು ಹಂತ ಒಂದು ಘಟಕಕ್ಕೆ. ಒಂದು ಅವಧಿಯಲ್ಲಿ ಎರಡಾದರೆ ಸಾಕು. ಕಲ್ಲಿನ ಪಾಠವನ್ನೇ ತೆಗೆದುಕೊಂಡರೆ: ಫೋಟೊ ಕೊಟ್ಟು ಸುಮ್ಮನೆ ನೋಡಲು 5 ನಿಮಿಷ, ಚಿತ್ರ ಮತ್ತು ಮೂರು ಕಲಮಿಗೆ 15, ಗುಂಪುಗಳ ಮಾತಿಗೆ 12, ಇನ್ನೂ ಉತ್ತರ ಸಿಗದ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯಲು 8. ಪ್ರಶ್ನೆ ಕೇಳಿದ ಮೇಲೆ ಕನಿಷ್ಠ ಮೂರು ಸೆಕೆಂಡು ಬಾಯಿ ಮುಚ್ಚಿಕೊಂಡಿರುವುದು ಅತಿ ಕಷ್ಟದ ಕೌಶಲ. ಮನಸ್ಸಿನಲ್ಲೇ ಎಣಿಸಬೇಕು. ಕಾಯದಿದ್ದರೆ ಮುಂದಿನ ಸಾಲಿನ ಅದೇ ಮೂವರು ಉತ್ತರಿಸುತ್ತಾರೆ. ಲಂಬಾಣಿ, ತುಳು, ಉರ್ದು ಮನೆಮಾತಿನ ಮಗು ಮೊದಲು ತನ್ನ ಮಾತಿನಲ್ಲೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ತಿಳಿಸಲಿ.

ನಾಲ್ಕು, ಐದನೇ ತರಗತಿ ಒಂದೇ ಕೋಣೆಯಲ್ಲಿರುವ ಶಾಲೆಗಳು ಹೆಚ್ಚು. ಅಲ್ಲಿ ಇಪ್ಪತ್ತು ನಿಮಿಷ ಇವರಿಗೆ, ಇಪ್ಪತ್ತು ಅವರಿಗೆ ಎಂದು ಹೋಳು ಮಾಡುವುದಕ್ಕಿಂತ ವಸ್ತು ಒಂದೇ ಇಟ್ಟು ಕೆಲಸ ಬೇರೆ ಕೊಡುವುದು ಮೇಲು: ನಾಲ್ಕನೆಯವರು ಅಂಗಳದ ನಕ್ಷೆಗೆ ಚಿಹ್ನೆ ಹಾಕಲಿ, ಐದನೆಯವರು ಅದೇ ನಕ್ಷೆಗೆ ಅಳತೆ ಹಾಕಲಿ.

ಪರೀಕ್ಷೆ ಮತ್ತು ಹಿಮ್ಮಾಹಿತಿ

ಹೀಗೆಲ್ಲ ಕಲಿಸಿ ಕೊನೆಗೆ ‘ವೀರಗಲ್ಲು ಎಂದರೇನು? 2 ಅಂಕ’ ಎಂದು ಕೇಳಿದರೆ ಮುಂದಿನ ತಿಂಗಳಿಂದ ಮಕ್ಕಳು ವ್ಯಾಖ್ಯೆಯನ್ನಷ್ಟೇ ಬಾಯಿಪಾಠ ಮಾಡುತ್ತಾರೆ. ತರಗತಿಯಲ್ಲಿ ನೋಡದ ಇನ್ನೊಂದು ಕಲ್ಲಿನ ಚಿತ್ರ ಕೊಟ್ಟು ‘ಈತ ಯಾಕೆ ಸತ್ತಿರಬಹುದು? ಚಿತ್ರದಲ್ಲಿ ಏನನ್ನು ನೋಡಿ ಹಾಗೆ ಹೇಳುತ್ತೀಯ?’ ಎಂದು ಕೇಳಬೇಕು. ಅಂಕ ಕೊಡುವುದು ಹೀಗೆ: ‘ಯುದ್ಧದಲ್ಲಿ ಸತ್ತ’ ಎಂದಷ್ಟೇ ಬರೆದರೆ 1, ‘ಎದುರಿಗೆ ಹುಲಿ ಇದೆ, ಅದಕ್ಕೆ ಹುಲಿಯ ಜೊತೆ ಹೋರಾಡಿ ಸತ್ತಿರಬಹುದು’ ಎಂದು ಆಧಾರ ಕೊಟ್ಟರೆ 3, ‘ಹುಲಿ ಇದೆ, ಆದರೆ ಬೇಟೆಗೆ ಹೋಗಿದ್ದನೋ ದನ ಕಾಯುತ್ತಿದ್ದನೋ ಚಿತ್ರದಿಂದ ಗೊತ್ತಾಗುವುದಿಲ್ಲ’ ಎಂದು ಆಧಾರದ ಮಿತಿಯನ್ನೂ ಕಂಡರೆ 4. ಈ ಮಾದರಿ ಉತ್ತರಗಳನ್ನು ಪ್ರಶ್ನೆ ಬರೆಯುವಾಗಲೇ ಬರೆದಿಟ್ಟುಕೊಳ್ಳಬೇಕು. ಉತ್ತರ ಪತ್ರಿಕೆ ಕೈಗೆ ಬಂದ ಮೇಲೆ ಬರೆದರೆ ಅಂದವಾದ ಅಕ್ಷರಕ್ಕೇ ಅಂಕ ಹೋಗುತ್ತದೆ.

ಮಾರ್ಗದರ್ಶಿ ಉಪನ್ಯಾಸಕರು ಪಾಠ ನೋಡಿ ‘ಧ್ವನಿ ಸ್ಪಷ್ಟವಾಗಿದೆ, ಕಪ್ಪುಹಲಗೆ ಬಳಕೆ ಉತ್ತಮ, ಕಲಿಕೋಪಕರಣ ಆಕರ್ಷಕ’ ಎಂದು ಬರೆದರೆ ಸಮಾಜ ಪಾಠ ಒಂದಿಂಚೂ ಸುಧಾರಿಸುವುದಿಲ್ಲ. ಎಣಿಸಬಹುದಾದ ಮೂರು ಸಂಗತಿ ಬರೆದುಕೊಡಲಿ: ಮಕ್ಕಳು ತಾವಾಗಿ ಕೇಳಿದ ಪ್ರಶ್ನೆ ಎಷ್ಟು, ‘ಹೇಗೆ ಗೊತ್ತು?’ ಎಂದು ಶಿಕ್ಷಕರು ಎಷ್ಟು ಸಲ ಕೇಳಿದರು, ಒಂದು ಸಲವೂ ಬಾಯಿ ತೆರೆಯದ ಮಕ್ಕಳು ಯಾರು, ಎಲ್ಲಿ ಕೂತಿದ್ದರು. ಅದೇ ಪಾಠವನ್ನು ತಿದ್ದಿಕೊಂಡು ಒಂದು ವಾರದೊಳಗೆ ಇನ್ನೊಂದು ವಿಭಾಗಕ್ಕೋ ಪಕ್ಕದ ಶಾಲೆಯ ಅದೇ ತರಗತಿಗೋ ಮತ್ತೆ ಮಾಡಲು ಅವಕಾಶ ಕೊಡಬೇಕು. 16 ವಾರದ ಇಂಟರ್ನ್‌ಶಿಪ್‌ನಲ್ಲಿ ದಿನಕ್ಕೊಂದು ಹೊಸ ಪಾಠ ಮಾಡಿ ಮುಗಿಸುವುದಕ್ಕಿಂತ, ಎರಡು ಘಟಕಗಳನ್ನಾದರೂ ಹೀಗೆ ಎರಡೆರಡು ಸಲ ಮಾಡಿದವರ ಕೈ ಪಳಗುತ್ತದೆ. ಎರಡನೇ ಸಲದ ಎಣಿಕೆಯನ್ನು ಮೊದಲನೆಯದರ ಪಕ್ಕದಲ್ಲೇ ಬರೆದು, ಸಹಿ ಹಾಕುವ ಮೊದಲು ಇಬ್ಬರೂ ಕೂತು ನೋಡಲಿ.